ಮಾವನ ಸೈಕಲ್ಲು, ಅಳಿಯನ ಫೋರ್ಕು

ನಲವತ್ತು ದಾಟಿದ ಮುಜಿಯೊ ಹಪ್ಪಳದ ಕಾರ್ಖಾನೆಯಲ್ಲಿ ಹಪ್ಪಳವನ್ನು ಚೀಲಕ್ಕೆ ತುಂಬುವ ಕೆಲಸ ಮಾಡುತ್ತಿದ್ದ. ಹಪ್ಪಳದ ವಿಷಯದಲ್ಲಿ ಯಾರೂ ಅವನ ಅಭಿಪ್ರಾಯ ಕೇಳುತ್ತಿರಲಿಲ್ಲ. ಅದಕ್ಕೇ ಅವನು ಸೈಕಲ್ ತಜ್ಞನಾದ.

ತಜ್ಞನಾಗುವುದಕ್ಕೆ ಜಾವಾ ದ್ವೀಪದ ತೆಗಲ್‌ವರು ಹಳ್ಳಿಯಲ್ಲಿ ಹೆಚ್ಚಿಗೆ ಏನೂ ಬೇಕಾಗಿರಲಿಲ್ಲ. ಸಂಜೆ ತಳ್ಳುಗಾಡಿ ಚಹಾದಂಗಡಿಯ ಬೆಂಚಿನ ಮೇಲೆ ಒಂದು ಜಾಗ, ಕೈಯಲ್ಲೊಂದು ಫೋನು, ಅದರಲ್ಲಿ ಯಾರೋ ಬಿಳಿಯ ಮನುಷ್ಯ ಸೈಕಲ್ ಬಿಚ್ಚುವ ವಿಡಿಯೊ, ಇಷ್ಟಿದ್ದರೆ ಸಾಕು. ಆ ಮನುಷ್ಯನ ಭಾಷೆ ಮುಜಿಯೊಗೆ ಬರುತ್ತಿರಲಿಲ್ಲ. ಆದರೂ ಒಂದು ಸಂಜೆ ಕರಿದ ಸೋಯಾ ಟೆಂಪೆಯ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡು, "ನೋಡ್ರಪ್ಪಾ, ಸೈಕಲ್ಲಿನ ಪ್ರಾಣ ಚಕ್ರದಲ್ಲಿಲ್ಲ, ಚೈನಲ್ಲಿಲ್ಲ. ಫೋರ್ಕಲ್ಲಿದೆ!" ಎಂದುಬಿಟ್ಟ. ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಆ ಕವಲುಗೋಲಿಗೆ ಇಷ್ಟು ಮರ್ಯಾದೆ ಕೊಟ್ಟವರನ್ನು ಊರು ಹಿಂದೆ ಕಂಡಿರಲಿಲ್ಲ. ಡಚ್ಚರ ಕಾಲದ ಕಪ್ಪು ಸೈಕಲ್ಲುಗಳನ್ನು ಮನೆಯ ಹಿರಿಯರಂತೆ ಒರೆಸಿ ಇಟ್ಟುಕೊಳ್ಳುವ ಊರು ಅದು. ಮಾತು ಮನೆಯಿಂದ ಮನೆಗೆ ಹೋಗಿ, ಗದ್ದೆ ದಾಟಿ, ಪಕ್ಕದ ಕೇರಿಯಲ್ಲಿದ್ದ ಅವನ ಮಾವನ ಕಿವಿಗೂ ಬಿತ್ತು.

ಮಾವ ಸಾಸ್ತ್ರೊ ಮೇಷ್ಟ್ರು. ನಿವೃತ್ತರು, ಎತ್ತರದ ಆಳು, ಬೆನ್ನು ಬಾಗಿಸದೆ ನಡೆಯುವವರು. ಜೀವಮಾನದಲ್ಲಿ ಯಾರ ಮೇಲೂ ದನಿ ಎತ್ತಿದವರಲ್ಲ, ಯಾರಿಗೂ 'ಬೇಡ' ಎಂದವರಲ್ಲ, ಏನನ್ನೂ ನೇರವಾಗಿ ಕೇಳಿದವರೂ ಅಲ್ಲ. ಜೋಗ್ಯ ಪಟ್ಟಣದ ಕಡೆಯ ಮರ್ಯಾದಸ್ಥರೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಡುವವರೇ, ಆದರೆ ಮೇಷ್ಟ್ರು ಇಟ್ಟ ದೀಪ ಯಾವ ಕಡೆಗೆ ಬೆಳಕು ಕೊಡುತ್ತಿದೆ ಎಂದು ತಿಳಿಯಲು ಗೋಡೆಯ ಎರಡೂ ಕಡೆ ಓಡಾಡಬೇಕಾಗುತ್ತಿತ್ತು. ಉಪ್ಪು ಕಡಿಮೆಯಾಗಿದ್ದರೆ ಅವರು, "ಸಮುದ್ರ ಇಲ್ಲಿಂದ ಬಹಳ ದೂರ ಅಲ್ವಾ?" ಎನ್ನುತ್ತಿದ್ದರು. ಮದುವೆಯಾದಂದಿನಿಂದ ಮುಜಿಯೊ ಈ ಮನುಷ್ಯನ ಮುಂದೆ ಪರೀಕ್ಷೆಗೆ ಕೂತ ಹುಡುಗನಂತೆ ಬೆವರುತ್ತಲೇ ಬಂದಿದ್ದ. ಹಿರಿಯ ಅಳಿಯ ವಿಬೊವೊ ನಗರದ ಬ್ಯಾಂಕಿನವನು. ಮಾವನ ಮನೆಯ ಬೀಗದ ಕೈ ಅವನ ಬಳಿ ಇರುತ್ತಿತ್ತು. ಮುಜಿಯೊ ಕೈಗೆ ಮಾವ ಇದುವರೆಗೆ ಚಹಾದ ಲೋಟ ಬಿಟ್ಟು ಬೇರೆ ಏನನ್ನೂ ಕೊಟ್ಟಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಮೇಷ್ಟ್ರು ತಮ್ಮ ಸೈಕಲ್ಲನ್ನು ತಳ್ಳಿಕೊಂಡು ಮುಜಿಯೊ ಮನೆಗೆ ಬಂದರು. ತೀರಿಕೊಂಡ ಅತ್ತೆಯನ್ನು ಮದುವೆಯಾದ ದಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ತಂದ ಸೈಕಲ್ಲು ಅದು. ಅತ್ತೆಯ ನಂತರ ಆ ಕ್ಯಾರಿಯರ್ ಮೇಲೆ ಒಂದು ತೆಂಗಿನಕಾಯಿ ಕೂಡ ಕೂತಿರಲಿಲ್ಲ. ಮೇಷ್ಟ್ರು ಚಹಾ ಕುಡಿದರು, ಮಳೆಯ ಬಗ್ಗೆ ಮಾತಾಡಿದರು, ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

"ಮಗೂ ಮುಜಿಯೊ, ಇತ್ತೀಚೆಗೆ ರಸ್ತೆ ಬಹಳ ತಗ್ಗಿಗೆ ಹೋಗಿದೆ ಅನ್ಸುತ್ತೆ."

"ಹೌದು ಬಾಪಾಕ್," ಎಂದ ಮುಜಿಯೊ. ಅಪ್ಪನೆಂದು ಕರೆಯುವ ಆ ಮಾತನ್ನು ಆಡುವಾಗಲೆಲ್ಲ ಅವನು ಕೂತಲ್ಲೇ ನೆಟ್ಟಗಾಗುತ್ತಿದ್ದ.

"ಸೈಕಲ್ಲಿನ ವಿಷಯ ನಿನಗೆ ಗೊತ್ತಂತೆ. ಕೇರಿಯಲ್ಲಿ ಹೇಳ್ತಾರೆ."

"ಸ್ವಲ್ಪ ಬಾಪಾಕ್."

"ಇದು ನಿನ್ನ ಹತ್ರ ಇರ್ಲಿ. ಭಾನುವಾರ ಬರ್ತೀನಿ."

ಇಷ್ಟು ಹೇಳಿ ಮೇಷ್ಟ್ರು ಬಾಡಿಗೆ ಬೈಕಿನ ಹಿಂದೆ ಕೂತು ಹೊರಟುಹೋದರು. ಭಾನುವಾರ ಊರಿನ ಹಳೇ ಸೈಕಲ್ ಮೆರವಣಿಗೆ. ಪಟ್ಟೆಪಟ್ಟೆಯ ಜಾವಾ ಅಂಗಿ ತೊಟ್ಟು, ತಲೆಗೆ ಬ್ಲಾಂಕೊನ್ ಪೇಟ ಇಟ್ಟು ಎಲ್ಲರಿಗಿಂತ ಮುಂದೆ ಹೋಗುವವರು ಸಾಸ್ತ್ರೊ ಮೇಷ್ಟ್ರೇ.

"ಯಾಕೆ ಕೊಟ್ಟು ಹೋದ್ರು?" ಎಂದಳು ಹೆಂಡತಿ ಲಾಸ್ಮಿನಿ.

"ನಂಬಿಕೆ," ಎಂದ ಮುಜಿಯೊ. ಅವನ ಕಣ್ಣು ಒದ್ದೆಯಾಗಿತ್ತು. "ನಿಮ್ಮಪ್ಪ ನನ್ನನ್ನ ಅಳಿಯ ಅಂತ ಒಪ್ಪಿಕೊಂಡ್ರು ಕಣೇ. ಸವಾರಿ ಮಾಡ್ಲಿ ಅಂತ ಕೊಟ್ಟಿದಾರೆ."

"ಹಾಗಂತ ಹೇಳಿದ್ರಾ?"

"ಹೇಳೋರಾಗಿದ್ರೆ ಅವರು ನಿಮ್ಮಪ್ಪ ಹೇಗಾಗ್ತಿದ್ರು?"

ಮುಜಿಯೊ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸೈಕಲ್ ಹತ್ತಿದ. ಕಾರ್ಖಾನೆಗೆ ಹತ್ತಿರದ ದಾರಿ ಬಿಟ್ಟು, ಚಹಾದಂಗಡಿ, ಮಸೀದಿ, ಸಂತೆಪೇಟೆ ಎಲ್ಲ ಸುತ್ತುವ ದೂರದ ದಾರಿ ಹಿಡಿದ. ಸಂತೆಪೇಟೆಯಲ್ಲಿ ಹೆಂಗಸರು ನೋಡುತ್ತಿದ್ದಾರೆಂದು ಒಂದು ಕೈ ಬಿಟ್ಟ. ಕಾರ್ಖಾನೆಯ ಮುಂದೆ ಜೊತೆಯವರು ನಿಂತಿದ್ದಾರೆಂದು ಇನ್ನೊಂದು ಕೈಯನ್ನೂ ಬಿಟ್ಟ. ಅಲ್ಲೇ ರಸ್ತೆಗೆ ಅಡ್ಡಲಾಗಿ ಒಂದು ಉಬ್ಬು ಇತ್ತು. ಅಲ್ಲಿಯ ಜನ ಅದನ್ನು 'ಮಲಗಿದ ಪೊಲೀಸ್' ಎನ್ನುತ್ತಾರೆ. ಎದ್ದು ನಿಂತ ಪೊಲೀಸರಿಂದ ಹೇಗಾದರೂ ತಪ್ಪಿಸಿಕೊಳ್ಳಬಹುದು, ಮಲಗಿದವನಿಂದ ಆಗುವುದಿಲ್ಲ. ಲಟಕ್ಕೆಂದು ಸದ್ದಾಯಿತು. ಮುಂದಿನ ಚಕ್ರ ಒಂದು ದಿಕ್ಕಿಗೆ ಹೋಯಿತು, ಸೈಕಲ್ಲು ಇನ್ನೊಂದು ದಿಕ್ಕಿಗೆ ಹೋಯಿತು, ತಜ್ಞರು ಹಪ್ಪಳದ ಚೀಲಗಳ ಮೇಲೆ ಬಿದ್ದರು.

ಗದ್ದ ತರಚಿದ್ದು ಬಿಟ್ಟರೆ ಮುಜಿಯೊಗೆ ಏನೂ ಆಗಿರಲಿಲ್ಲ. ಫೋರ್ಕು ಮಾತ್ರ ಕುತ್ತಿಗೆಯ ಹತ್ತಿರ ಮುರಿದಿತ್ತು. ಯಾವುದನ್ನು ಸೈಕಲ್ಲಿನ ಪ್ರಾಣವೆಂದು ಹೇಳಿದ್ದನೋ ಅದೇ ಹೋಗಿತ್ತು.

ಸೈಕಲ್ ರಿಪೇರಿಯ ಪೊನಿಮಿನ್ ಮರದ ಕೆಳಗೆ ಕೂತು ಮುರಿದ ತುಂಡನ್ನು ತಿರುಗಿಸಿ ನೋಡಿದ. ಪೊನಿಮಿನ್‌ಗೆ ಒಂದು ಒಳ್ಳೆಯ ಗುಣವಿತ್ತು. ಯಾವ ನಿರ್ಧಾರವನ್ನೂ ತಾನೇ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಅವನ ಕೈಯಲ್ಲಿ ಕೆಟ್ಟ ಸೈಕಲ್ಲುಗಳೆಲ್ಲ ಮಾಲೀಕರ ತಪ್ಪಿನಿಂದಲೇ ಕೆಟ್ಟಿದ್ದವು.

"ಹೊಸದು ಹಾಕ್ಬೇಕು ಪಾಕ್ ಮುಜಿ. ಥ್ರೆಡ್ ಇರೋದಾ, ಇಲ್ಲದ್ದಾ?"

ದೊಡ್ಡವರಿಗೆ ಹೇಳುವ ಆ 'ಪಾಕ್' ಕೇಳಿ ಮುಜಿಯೊ ಹಿಗ್ಗಿದ, ಪ್ರಶ್ನೆ ಕೇಳಿ ಕುಗ್ಗಿದ. ಸುತ್ತ ಜನ ಸೇರಿದ್ದರು. ಎಲ್ಲರೂ ತಜ್ಞರ ಮುಖ ನೋಡುತ್ತಿದ್ದರು.

"ಅದು... ನೋಡ್ಬೇಕಾಗುತ್ತೆ," ಎಂದ ಗಂಭೀರವಾಗಿ.

"ಏನನ್ನ?"

"ಎಲ್ಲಾನೂ."

ಜನ ತಲೆದೂಗಿದರು. ಪೊನಿಮಿನ್ ಮಾತ್ರ ಪಾಪ, ತಿಳಿಯದವರಿಗಾಗಿ ಬಿಡಿಸಿ ಹೇಳಿದ. ಹಳೇ ಕಾಲದ ಫೋರ್ಕಿನ ಕೊಳವೆಯ ತುದಿಗೆ ಬೋಲ್ಟಿಗಿರುವಂತೆ ಸುತ್ತುಗೆರೆಗಳ ಥ್ರೆಡ್ ಇರುತ್ತದೆ. ನಟ್ಟು ತಿರುಗಿಸಿ ಬಿಗಿ ಮಾಡುವುದು, ಹ್ಯಾಂಡಲಿನ ಕಂಬವನ್ನು ಕೊಳವೆಯ ಒಳಗೆ ಇಳಿಸುವುದು. ಹೊಸ ಕಾಲದ್ದು ನುಣ್ಣಗಿರುತ್ತದೆ. ಕೊಳವೆ ಮೇಲಕ್ಕೆ ಬರುತ್ತದೆ, ಹ್ಯಾಂಡಲು ಅದನ್ನು ಹೊರಗಿನಿಂದ ಅಪ್ಪಿಕೊಳ್ಳುತ್ತದೆ. ಅದನ್ನು ಅಳತೆಗೆ ಕತ್ತರಿಸಬೇಕು. ಒಮ್ಮೆ ಕತ್ತರಿಸಿದರೆ ಆಯಿತು, ಮತ್ತೆ ಉದ್ದ ಮಾಡಲು ಬರುವುದಿಲ್ಲ.

"ಇದೆಲ್ಲ ಗೊತ್ತಿರೋದೇ," ಎಂದ ಮುಜಿಯೊ. ಅದೇ ಕ್ಷಣದಲ್ಲಿ ಅವನಿಗೆ ಗೊತ್ತಾಗಿದ್ದು.

ಅಷ್ಟರಲ್ಲಿ ಪಾಕ್ ದಾರ್ಸೊ ಬಂದರು. ಕೇರಿಯ ಮುಖ್ಯಸ್ಥರು, ಹಳೇ ಸೈಕಲ್ ಸಂಘದ ಅಧ್ಯಕ್ಷರು. ಸೈಕಲ್ಲಿಗೆ ಪ್ಲಾಸ್ಟಿಕ್ ಗಂಟೆ ಹಾಕಿದನೆಂದು ಸ್ವಂತ ತಮ್ಮನನ್ನೇ ಸಂಘದಿಂದ ಹೊರಗೆ ಹಾಕಿದವರು.

"ಮೇಷ್ಟ್ರ ಸೈಕಲ್ಲಾ ಇದು! ಮುಜಿಯೊ, ನೀನು ಏನೂ ಯೋಚನೆ ಮಾಡ್ಬೇಡ. ನಮ್ಮಜ್ಜನ ಸೈಕಲ್ಲಿನ ಫೋರ್ಕು ಅಟ್ಟದ ಮೇಲಿದೆ. ಅಸಲಿ ಥ್ರೆಡ್ಡಿನದು. ತಂದು ಕೊಡ್ತೀನಿ. ಅದನ್ನೇ ಹಾಕಿಸ್ತೀಯ ತಾನೇ?"

"ಆಯ್ತು ಪಾಕ್," ಎಂದ ಮುಜಿಯೊ. ಹಿರಿಯರ ಮುಖಕ್ಕೆ ಇಲ್ಲ ಎನ್ನುವುದು ಅವನ ಊರಿನಲ್ಲಿ ಉಗುಳಿದ ಹಾಗೆ.

"ನುಣುಪಿನ ಫೋರ್ಕು ಹಾಕಿದ ಸೈಕಲ್ಲು ಮೆರವಣಿಗೆಯ ಮುಂದೆ ಬಂದ್ರೆ, ನಾನು ಬಾಗಿಲು ಹಾಕ್ಕೊಂಡು ಮನೇಲಿ ಕೂರ್ತೀನಿ. ಸಾಸ್ತ್ರೊ ಮೇಷ್ಟ್ರು ಆದ್ರೂ ಅಷ್ಟೇ!"

"ಆಯ್ತು ಪಾಕ್."

ಹೀಗೆ ವಿಷಯ ಇತ್ಯರ್ಥವಾಯಿತು. ಇತ್ಯರ್ಥವಾಗಿಯೇ ಉಳಿಯುತ್ತಿತ್ತು, ಲಾಸ್ಮಿನಿ ತನ್ನ ಅಕ್ಕನಿಗೆ ಫೋನ್ ಮಾಡದಿದ್ದರೆ. ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಯೇ ಹೇಳಿದ್ದಳು. ಅಕ್ಕನೂ ಆಣೆ ಹಾಕಿಸಿಯೇ ಗಂಡನಿಗೆ ಹೇಳಿದಳು. ಬುಧವಾರ ಸಂಜೆ ವಿಬೊವೊನ ಕಾರು ಬಂದು ಮನೆಯ ಮುಂದೆ ನಿಂತಿತು. ಷಡ್ಡಕ ಕೆಳಗಿಳಿದ. ಬಿಗಿಯಾದ ಸೈಕಲ್ ಚಡ್ಡಿ, ಕಪ್ಪು ಕನ್ನಡಕ, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ವಸ್ತು. ಪ್ರತಿ ಭಾನುವಾರ ಮೆರಾಪಿ ಬೆಟ್ಟದ ಬುಡದಲ್ಲಿ ಕೆಸರಿನಲ್ಲಿ ಸೈಕಲ್ ಹೊಡೆಯುವವನು ಅವನು. ಸೈಕಲ್ ವಿಷಯದಲ್ಲಿ ಅವನಿಗೆ ನಿಜವಾಗಿಯೂ ಸ್ವಲ್ಪ ಗೊತ್ತಿತ್ತು. ಅದೇ ದೊಡ್ಡ ತೊಂದರೆ.

"ಮುರಿದೆಯಂತಲ್ಲಪ್ಪಾ ತಮ್ಮಾ!" ಎಂದು ಬೀದಿಗೆ ಕೇಳುವಂತೆ ನಕ್ಕ. "ಬಾಪಾಕ್‌ಗೆ ಗೊತ್ತಾ?"

"ಮೆಲ್ಲಗೆ ಮಾಸ್, ಮೆಲ್ಲಗೆ," ಎಂದು ಅಣ್ಣನನ್ನು ಕರೆಯುವಂತೆ ಕರೆದು ಮುಜಿಯೊ ಅವನನ್ನು ಒಳಗೆ ಎಳೆದ.

ವಿಬೊವೊ ಬಟ್ಟೆ ಬಿಚ್ಚಿದ. ಬೆಳ್ಳಿಯಂತೆ ಹೊಳೆಯುವ ನುಣುಪಾದ ಫೋರ್ಕು. "ಹಳೇ ಸೈಕಲ್ಲಿನ ಸಣ್ಣ ಕೊಳವೆಗೂ ಕೂರುತ್ತೆ. ವಿಶೇಷವಾಗಿ ಹೇಳಿ ಮಾಡಿಸಿದ್ದು. ಥ್ರೆಡ್ಡು ಗೀಡ್ಡು ಎಲ್ಲ ಈಗ ಯಾರು ಹಾಕ್ತಾರೆ? ಸಡಿಲ ಆಗುತ್ತೆ, ತುಕ್ಕು ಹಿಡಿಯುತ್ತೆ. ಇದನ್ನ ಹಾಕಿಸು. ನಾನು ಕೊಟ್ಟಿದ್ದು ಅಂತ ಭಾನುವಾರ ನಾನೇ ಬಾಪಾಕ್‌ಗೆ ಹೇಳ್ತೀನಿ. ನೀನು ಮುರಿದಿದ್ದನ್ನ... ನೋಡೋಣ, ಹೇಳ್ಬೇಕಾಗಿಲ್ಲ ಅಂತಿದ್ರೆ ಹೇಳಲ್ಲ. ಹಾಕಿಸ್ತೀಯ ತಾನೇ?"

"ಆಯ್ತು ಮಾಸ್."

ಅತ್ತ ದರಿ, ಇತ್ತ ಪುಲಿ. ಥ್ರೆಡ್ ಇರುವುದನ್ನು ಹಾಕಿಸಿದರೆ ಷಡ್ಡಕ ಬಾಯಿ ಬಿಡುತ್ತಾನೆ. ಇಲ್ಲದ್ದನ್ನು ಹಾಕಿಸಿದರೆ ದಾರ್ಸೊ ಮೆರವಣಿಗೆಗೇ ಬಾರದೆ ಮಾವನ ಮಾನ ಕಳೆಯುತ್ತಾರೆ. ಮುಜಿಯೊ ಅನ್ನ ಬಿಟ್ಟ. ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ದುಃಖವಾಗಿತ್ತು. ಇಷ್ಟು ವರ್ಷಕ್ಕೆ ಒಂದೇ ಒಂದು ಸಲ ಆ ಮನುಷ್ಯ ತನ್ನ ಕೈಗೆ ಏನನ್ನೋ ಕೊಟ್ಟಿದ್ದರು, ಅದನ್ನೂ ತಾನು ಒಂದು ಬೆಳಗಿನಲ್ಲಿ ಮುರಿದುಹಾಕಿದ್ದ.

ಗುರುವಾರ ಮಾವನಿಂದ ಬಾಳೆಗೊನೆ ಬಂತು. ತಂದವನು, "ಮೇಷ್ಟ್ರು ಕೇಳಿದ್ರು, ಸೈಕಲ್ಲು ಬೆಳೀತಿದೆಯಾ ಅಂತ," ಎಂದ.

"ಬೆಳೆಯೋದಾ?" ಮುಜಿಯೊ ಮುಖ ಬಿಳಿಚಿಕೊಂಡಿತು. "ಲಾಸ್ಮಿ, ಅವರಿಗೆ ಗೊತ್ತಾಗಿದೆ. ಇದು ಚುಚ್ಚು ಮಾತು."

"ಬಾಳೆಹಣ್ಣು ಕಳಿಸಿ ಯಾರಾದ್ರೂ ಚುಚ್ತಾರಾ?"

"ನಿಮ್ಮಪ್ಪ ಹೂವು ಕಳಿಸಿ ಬೈತಾರೆ!"

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಮುಜಿಯೊ ಮನೆಗೆ ಬಂದು ಕೂತಿದ್ದನಷ್ಟೆ. ಲಾಸ್ಮಿನಿ ಹೊರಗಿನಿಂದ ಓಡಿ ಬಂದಳು. "ಬಾಪಾಕ್! ಓಣಿ ತಿರುವಿನಲ್ಲಿ ಬರ್ತಿದಾರೆ!"

ಪೊನಿಮಿನ್ ಬಳಿಯಿಂದ ಹೊತ್ತು ತಂದಿದ್ದ ಫೋರ್ಕಿಲ್ಲದ ಸೈಕಲ್ಲು ನಡುಮನೆಯಲ್ಲೇ ಬಿದ್ದಿತ್ತು. ಗಂಡಹೆಂಡಿರಿಬ್ಬರೂ ಸೇರಿ ಅದನ್ನು ಅಡುಗೆಮನೆಯ ಪರದೆಯ ಹಿಂದೆ ಎಳೆದರು. ಮುಂಗಾಲಿಲ್ಲದ ಸೈಕಲ್ಲು ನಿಲ್ಲುವುದು ಹೇಗೆ? ಬಿಟ್ಟರೆ ಮಡಕೆಗಳ ಮೇಲೆ ಬೀಳುತ್ತದೆ. ಮೇಷ್ಟ್ರ ಚಪ್ಪಲಿಯ ಸದ್ದು ಬಾಗಿಲಿಗೆ ಬಂದಿತ್ತು. ಮುಜಿಯೊ ಪರದೆಯ ಪಕ್ಕದಲ್ಲೇ ಚಾಪೆಯ ಮೇಲೆ ಕೂತು, ಎಡಗೈಯನ್ನು ಪರದೆಯ ಸಂದಿನಿಂದ ಒಳಗೆ ಹಾಕಿ ಸೈಕಲ್ಲಿನ ಕಂಬಿಯನ್ನು ಹಿಡಿದುಕೊಂಡ. ಬಲಗೈಯನ್ನು ಮಾತ್ರ ಮಾವನ ಸೇವೆಗೆ ಬಿಟ್ಟ.

"ಕೂತೇ ಇರು ಮಗೂ," ಎಂದರು ಮೇಷ್ಟ್ರು, ಅವನು ಏಳದೆ ಕೂತಿದ್ದನ್ನು ಕಂಡು.

"ಕಾಲು ಜೋಮು ಬಾಪಾಕ್."

ಮೇಷ್ಟ್ರು ಕೂತರು. ಕೂರುವಾಗ ಗೋಡೆ ಹಿಡಿದುಕೊಂಡರು. ಲಾಸ್ಮಿನಿ ಚಹಾ ತಂದಳು. ಮುಜಿಯೊ ಬಲಗೈಯಲ್ಲಿ ಲೋಟ ಹಿಡಿದ. ಎಡಗೈಗೆ ಸೈಕಲ್ಲು ಭಾರವಾಗತೊಡಗಿತ್ತು.

"ನನ್ನ ಬೆನ್ನು ಹಳೇ ಬಾಗಿಲಾಗಿದೆ ಮಗೂ. ತೆರೆದ್ರೆ ಕಿರ್ ಅನ್ನುತ್ತೆ, ಮುಚ್ಚಿದ್ರೆ ಕಿರ್ ಅನ್ನುತ್ತೆ."

"ಹೌದು ಬಾಪಾಕ್."

"ಪ್ರಾಯದಲ್ಲಿ ಸೈಕಲ್ಲಿಗೆ ಬಾಗಿ ನಮಸ್ಕಾರ ಮಾಡಿದ್ರೆ ಚೆನ್ನ. ವಯಸ್ಸಾದ್ಮೇಲೆ ಸೈಕಲ್ಲೇ ಎದ್ದು ಬಂದು ಹಿರಿಯರನ್ನ ಮಾತಾಡಿಸ್ಬೇಕು."

"ಹೌದು ಬಾಪಾಕ್."

ಮೇಷ್ಟ್ರು ಅವನ ಮುಖವನ್ನೇ ನೋಡಿದರು. ಏನನ್ನೋ ಕಾಯುತ್ತಿರುವಂತಿತ್ತು. ಆಮೇಲೆ ಬಗಲಿನ ಚೀಲದಿಂದ ಎಲೆಯಲ್ಲಿ ಕಟ್ಟಿದ ಮರಗೆಣಸಿನ ಸಿಹಿಯನ್ನು ತೆಗೆದು ನೀಡಿದರು. "ತಗೋ."

ಮುಜಿಯೊ ಬಲಗೈಯಲ್ಲಿ ಬಿಸಿ ಲೋಟ. ಎಡಗೈಯಲ್ಲಿ ಮಾವನ ಸೈಕಲ್ಲು. ಹಿರಿಯರಿಂದ ಎಡಗೈಯಲ್ಲಿ ತೆಗೆದುಕೊಂಡರೆ ಅದಕ್ಕಿಂತ ಅವಮಾನವಿಲ್ಲ. ಮೇಷ್ಟ್ರ ಕೈ ಚಾಚಿಯೇ ಇತ್ತು. ಮುಜಿಯೊ ಲೋಟವನ್ನು ಎರಡು ಮಂಡಿಗಳ ನಡುವೆ ಸಿಕ್ಕಿಸಿ, ತೊಡೆ ಸುಡುತ್ತಿದ್ದರೂ ನಗುತ್ತಾ ಬಲಗೈಯಲ್ಲಿ ಸಿಹಿಯನ್ನು ತೆಗೆದುಕೊಂಡ. ಹಾಗೆ ಬಾಗಿದಾಗ ಎಡಗೈ ಅಲುಗಿತು. ಪರದೆಯ ಹಿಂದೆ ಟ್ರಿಣ್ ಎಂದು ಗಂಟೆ ಬಾರಿಸಿತು.

ಮುಜಿಯೊ ಜೋರಾಗಿ ಕೆಮ್ಮಿದ.

"ಅನ್ನ ಆಯ್ತು ಬಾಪಾಕ್!" ಎಂದು ಲಾಸ್ಮಿನಿ ಕೂಗಿದಳು. "ಈಗಿನ ಕುಕ್ಕರು. ಅನ್ನ ಆದ ತಕ್ಷಣ ಗಂಟೆ ಹೊಡೆಯುತ್ತೆ."

ಮೇಷ್ಟ್ರು ಪರದೆಯನ್ನು ನೋಡಿದರು. ಪರದೆಯ ಕೆಳಗೆ ಹಿಂದಿನ ಚಕ್ರದ ಒಂದು ಗೇಣು ಟೈರು ಕಾಣುತ್ತಿತ್ತು. "ಒಳ್ಳೇ ಕುಕ್ಕರು. ದನಿ ಎಲ್ಲೋ ಕೇಳಿದ ಹಾಗಿದೆ," ಎಂದು ಎದ್ದರು. ಬಾಗಿಲಲ್ಲಿ ನಿಂತು, "ಭಾನುವಾರದ ಹೊತ್ತಿಗೆ ಅನ್ನ ಸರಿಯಾಗಿ ಬೆಂದಿರುತ್ತೆ ಅಲ್ವಾ ಮಗೂ?" ಎಂದರು.

"ಆಯ್ತು ಬಾಪಾಕ್," ಎಂದ ಮುಜಿಯೊ. ಅವರು ಹೋದ ಮೇಲೆ ಸೈಕಲ್ಲು ಬಿಟ್ಟು ತೊಡೆಯ ಮೇಲೆ ನೀರು ಸುರಿದುಕೊಂಡು ಅತ್ತುಬಿಟ್ಟ. "ಎಲ್ಲಾ ಗೊತ್ತು ಅವರಿಗೆ. ಮುರಿದಿದ್ದೂ ಗೊತ್ತು. ಬಾಗ್ಬೇಕು, ನಮಸ್ಕಾರ ಮಾಡ್ಬೇಕು ಅಂದ್ರಲ್ಲ, ಕಾಲಿಗೆ ಬಿದ್ದು ಕ್ಷಮೆ ಕೇಳು ಅಂತಲೇ ಅದರ ಅರ್ಥ!"

ಶನಿವಾರ ಮಧ್ಯಾಹ್ನ ಪೊನಿಮಿನ್ ಮರದ ಕೆಳಗೆ ಎರಡು ಫೋರ್ಕುಗಳು ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಮಲಗಿದ್ದವು. ಅವುಗಳ ಯಜಮಾನರೂ ಬಂದಿದ್ದರು. ಇಬ್ಬರಿಗೂ 'ಆಯ್ತು' ಸಿಕ್ಕಿದೆಯೆಂಬುದು ಆಗಲೇ ಬಯಲಾದದ್ದು. ಊರಿನ ಅರ್ಧ ಜನ ಚಹಾದ ಲೋಟ ಹಿಡಿದು ಸುತ್ತ ನಿಂತಿದ್ದರು.

"ಇದು ಇತಿಹಾಸ!" ಎಂದು ದಾರ್ಸೊ ತಮ್ಮ ಅಜ್ಜನ ಫೋರ್ಕನ್ನು ತೋರಿಸಿದರು. "ಇದಕ್ಕೆ ಬ್ಲೇಡು ತಾಗಿಸಿದ್ರೆ ನೋಡಿ!"

"ಇತಿಹಾಸನ ಮ್ಯೂಸಿಯಮ್ಮಲ್ಲಿಡಿ ಪಾಕ್," ಎಂದ ವಿಬೊವೊ. "ಪೊನಿಮಿನ್, ಆ ನುಣುಪಿಂದು ನಾಲ್ಕು ಬೆರಳು ಉದ್ದ ಇದೆ. ಕತ್ತರಿಸು. ಹ್ಯಾಂಡಲು ಕೆಳಗಿದ್ರೇನೇ ನೋಡೋಕೆ ಗತ್ತು."

"ಕತ್ತರಿಸಬೇಡ! ಅದನ್ನ ಹಾಕೋದೇ ಇಲ್ಲ!"

"ಕತ್ತರಿಸು!"

"ಮುಜಿಯೊ, ಹೇಳು! ಕತ್ತರಿಸಬಾರದು ತಾನೇ?"

"ಆಯ್ತು ಪಾಕ್."

"ತಮ್ಮಾ, ಬಾಪಾಕ್ ಹತ್ರ ನಾನೇನು ಹೇಳ್ಬೇಕು ಅಂತ ನೆನಪಿದೆಯಲ್ಲ? ಕತ್ತರಿಸಬೇಕು ತಾನೇ?"

"ಆಯ್ತು ಮಾಸ್."

ಪೊನಿಮಿನ್ ಗರಗಸ ಎತ್ತಿಕೊಂಡು ಬೇಸತ್ತು ಕೇಳಿದ. "ಪಾಕ್ ಮುಜಿ, ನೀವೇ ತಜ್ಞರು. ಯಾವುದನ್ನ ಕತ್ತರಿಸ್ಲಿ? ತೋರ್ಸಿಬಿಡಿ."

ಈಗ ಒಂದು ಮಾತು ಹೇಳಬೇಕು. ಆ ಸೀಮೆಯಲ್ಲಿ ಹಿರಿಯರ ಎದುರು ತೋರುಬೆರಳು ಮಾಡಿ ತೋರಿಸುವವನು ಪಶು ಎನಿಸಿಕೊಳ್ಳುತ್ತಾನೆ. ಮರ್ಯಾದಸ್ಥರು ನಾಲ್ಕು ಬೆರಳನ್ನೂ ಮಡಿಸಿ, ಹೆಬ್ಬೆರಳನ್ನು ಮೆತ್ತಗೆ ಚಾಚಿ, ಸ್ವಲ್ಪ ಬಾಗಿ ತೋರಿಸುತ್ತಾರೆ. ಮುಜಿಯೊ ಬಾಗಿದ. ಒಂದು ಕಣ್ಣು ದಾರ್ಸೊ ಕಡೆಗೆ, ಇನ್ನೊಂದು ಷಡ್ಡಕನ ಕಡೆಗೆ ಇಟ್ಟು, ಯಾರಿಗೂ ನೋವಾಗದ ಹಾಗೆ ಹೆಬ್ಬೆರಳನ್ನು ಚಾಚಿದ. ಆ ಹೆಬ್ಬೆರಳು ಹಲಗೆಯ ಕಡೆಗಿತ್ತು ಎನ್ನುವುದು ನಿಜ. ಹಲಗೆಯಲ್ಲಿ ಯಾವುದರ ಕಡೆಗೆ ಎನ್ನುವುದು ಆ ಹೆಬ್ಬೆರಳಿಗೂ ಗೊತ್ತಿರಲಿಲ್ಲ.

ಪೊನಿಮಿನ್ ತನ್ನ ಹತ್ತಿರ ಇದ್ದುದನ್ನು ಎತ್ತಿ ಕೊಯ್ದ. ದಾರ್ಸೊ ಮತ್ತು ವಿಬೊವೊ ಒಬ್ಬರಿಗೊಬ್ಬರು ಮುಖ ಕೊಟ್ಟು ಜಗಳವಾಡುತ್ತಿದ್ದರು, ನೋಡಲಿಲ್ಲ. ಠಣ್ಣೆಂದು ತುಂಡು ಕೆಳಗೆ ಬಿದ್ದು ಉರುಳಿತು. ಅದೇ ಹೊತ್ತಿಗೆ ಬ್ಲೇಡೂ ಮುರಿಯಿತು. ಉರುಳಿದ ತುಂಡು ದಾರ್ಸೊ ಕಾಲಿಗೆ ಬಂದು ನಿಂತಿತು. ಅವರು ಎತ್ತಿಕೊಂಡು ನೋಡಿದರು. ಅದರ ತುಂಬ ಸುತ್ತಿ ಸುತ್ತಿ ಬಂದ ಚಂದದ ಥ್ರೆಡ್ಡು.

"ನಮ್ಮಜ್ಜ!" ಎಂದು ಅವರು ಚೀರಿದರು.

"ಬೇಜಾರು ಮಾಡ್ಕೋಬೇಡಿ ಪಾಕ್," ಎಂದ ಪೊನಿಮಿನ್. "ಈಗ ಇದೂ ಥ್ರೆಡ್ ಇಲ್ಲದ ಫೋರ್ಕೇ."

ದಾರ್ಸೊ ಅಜ್ಜನ ಎರಡೂ ತುಂಡುಗಳನ್ನು ಲುಂಗಿಯಲ್ಲಿ ಸುತ್ತಿಕೊಂಡು ಮನೆಗೆ ಹೋದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮುಜಿಯೊ ನೋಡಿಕೊಂಡಿದ್ದ. ಹಾವು ಸಿಟ್ಟಾಗಿ ಮನೆಗೆ ಹೋಯಿತು, ಕೋಲು ಎರಡು ತುಂಡಾಯಿತು.

ಇನ್ನು ಉಳಿದದ್ದು ನುಣುಪಿನ ಫೋರ್ಕು. ಕತ್ತರಿಸಲು ಇದ್ದ ಒಂದೇ ಬ್ಲೇಡು ಮುರಿದಿತ್ತು. ಪೊನಿಮಿನ್ ಅದನ್ನು ಇದ್ದ ಹಾಗೆ ಹಾಕಿ, ಉಳಿದ ಉದ್ದಕ್ಕೆ ಬಳೆಯಂಥ ರಿಂಗುಗಳನ್ನು ಒಂದರ ಮೇಲೊಂದು ಪೇರಿಸಿ, ಎಲ್ಲಕ್ಕೂ ಮೇಲೆ ಹ್ಯಾಂಡಲು ಕೂರಿಸಿದ. ಕಪ್ಪು ಸೈಕಲ್ಲಿಗೆ ಬೆಳ್ಳಿಯ ಕುತ್ತಿಗೆ ಬಂದು, ಅದು ಬೇಲಿಯಾಚೆಯ ಸೊಪ್ಪಿಗೆ ಕತ್ತು ಚಾಚಿದ ಮೇಕೆಯಂತೆ ಕಾಣುತ್ತಿತ್ತು.

"ಅಸಹ್ಯ," ಎಂದ ವಿಬೊವೊ. "ನಾಳೆ ಬೆಳಿಗ್ಗೆ ಸಿಟಿಯಿಂದ ಬ್ಲೇಡು ತರ್ತೀನಿ. ಬಾಪಾಕ್ ಬರೋಕೆ ಮುಂಚೆ ನಾಲ್ಕು ಬೆರಳು ಹಾರಿಸಿಬಿಡೋಣ."

ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಕಪ್ಪು ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಗಂಡಸರು ಪೇಟದಲ್ಲಿ, ಹೆಂಗಸರು ಉದ್ದ ಕುಪ್ಪಸದ ಕಬಾಯದಲ್ಲಿ. ಮನೇಲೇ ಕೂರುತ್ತೇನೆಂದಿದ್ದ ದಾರ್ಸೊ ಕೂಡ ಬಂದಿದ್ದರು. ಸಿಟ್ಟು ತೋರಿಸಲಿಕ್ಕಾದರೂ ಜನ ಬೇಕಲ್ಲ. ಎದೆಯ ಮೇಲೆ ಕೈಕಟ್ಟಿ ದಾರಿಗೆ ಅಡ್ಡ ನಿಂತಿದ್ದರು. ಮುಜಿಯೊ ಸೈಕಲ್ ಹಿಡಿದು ನಿಂತು ವಿಬೊವೊನ ಕಾರಿಗಾಗಿ ಕತ್ತು ಉದ್ದ ಮಾಡಿ ನೋಡುತ್ತಿದ್ದ. ಕಾರು ಬಂತು. ವಿಬೊವೊ ಹೊಸ ಬ್ಲೇಡು ಹಿಡಿದು ಓಡಿ ಬಂದ. ಅವನ ಕಾರಿನ ಇನ್ನೊಂದು ಬಾಗಿಲಿನಿಂದ ಸಾಸ್ತ್ರೊ ಮೇಷ್ಟ್ರು ನಿಧಾನವಾಗಿ ಇಳಿದರು.

"ದಾರೀಲಿ ಸಿಕ್ಕಿದ್ರು. ಹತ್ತಿಸಿಕೊಳ್ಳದೆ ಹೇಗೆ ಬರ್ಲಿ?" ಎಂದು ವಿಬೊವೊ ಪಿಸುಗುಟ್ಟಿದ.

ಮೇಷ್ಟ್ರು ಸೈಕಲ್ಲಿನ ಮುಂದೆ ಬಂದು ನಿಂತರು. ಬೆಳ್ಳಿಯ ಕಾಲು, ರಿಂಗುಗಳ ಕುತ್ತಿಗೆ, ಆಕಾಶಕ್ಕೆ ಹೊರಟ ಹ್ಯಾಂಡಲು, ಎಲ್ಲವನ್ನೂ ನೋಡಿದರು. ಮುಜಿಯೊ ಹ್ಯಾಂಡಲನ್ನು ಮಾವನ ಕೈಗೆ ಕೊಟ್ಟ.

"ಬಾಪಾಕ್, ನಾನು ಮುರಿದೆ," ಎಂದುಬಿಟ್ಟ. ಅಷ್ಟು ಜನರ ಮುಂದೆ, ಸುತ್ತಿಬಳಸದೆ. "ಎರಡೂ ಕೈ ಬಿಟ್ಟಿದ್ದೆ. ಮಲಗಿದ ಪೊಲೀಸ್ ಮೇಲೆ."

ಇಷ್ಟು ನೇರವಾದ ಮಾತನ್ನು ಕೇಳಿ ಅಭ್ಯಾಸವಿಲ್ಲದ ಜನ ಮುಖ ಬೇರೆ ಕಡೆ ತಿರುಗಿಸಿಕೊಂಡರು. ಮೇಷ್ಟ್ರು ಪಂಚೆ ಎತ್ತಿಕೊಂಡು ಸೈಕಲ್ ಹತ್ತಿದರು. ಮೈದಾನಕ್ಕೆ ಒಂದು ಸುತ್ತು ಹೊಡೆದರು. ಬೆನ್ನು ಬಾಗಲಿಲ್ಲ. ಕೈಗಳು ಮೇಜಿನ ಮೇಲೆ ಇಟ್ಟಂತೆ ಹಾಯಾಗಿದ್ದವು. ಎರಡನೆಯ ಸುತ್ತನ್ನೂ ಹೊಡೆದರು. ಆಮೇಲೆ ಬಂದು ಹಳೇ ಸೈಕಲ್ಲಿನ ಬ್ರೇಕಾದ ಪೆಡಲನ್ನು ಹಿಂದಕ್ಕೆ ತುಳಿದು ನಿಲ್ಲಿಸಿದರು.

"ರಸ್ತೆ ಮತ್ತೆ ಮೇಲಕ್ಕೆ ಬಂದಿದೆ," ಎಂದರು.

ಆಗ, ಆಗಷ್ಟೇ, ಮುಜಿಯೊ ತಲೆಗೆ ಬೆಳಕು ಹೊಕ್ಕಿತು. ತಗ್ಗಿಗೆ ಹೋದ ರಸ್ತೆ, ಹಳೇ ಬಾಗಿಲಾದ ಬೆನ್ನು, ಬೆಳೆಯಬೇಕಾದ ಸೈಕಲ್ಲು. ಮಾವನಿಗೆ ಬೇಕಾಗಿದ್ದದ್ದು ಹ್ಯಾಂಡಲು ನಾಲ್ಕು ಬೆರಳು ಎತ್ತರ. ಹಳೆಯ ಥ್ರೆಡ್ಡಿನ ಫೋರ್ಕಿನಲ್ಲೇ ಒಂದು ಬೋಲ್ಟು ಸಡಿಲಿಸಿ ಹ್ಯಾಂಡಲನ್ನು ಮೇಲೆಳೆದಿದ್ದರೆ ಸೋಮವಾರ ಚಹಾ ಆರುವುದರೊಳಗೆ ಮುಗಿದುಹೋಗುತ್ತಿತ್ತು. ತುಕ್ಕು ಹಿಡಿದ ಆ ಬೋಲ್ಟು ಮೇಷ್ಟ್ರ ಕೈಗೆ ಬಗ್ಗಿರಲಿಲ್ಲ, ತಜ್ಞ ಅಳಿಯನಿದ್ದಾನಲ್ಲ ಎಂದು ಬಂದಿದ್ದರು, ಅಷ್ಟೆ.

"ಬಾಪಾಕ್, ಅದು ನನ್ನ ಫೋರ್ಕು," ಎಂದು ವಿಬೊವೊ ಮುಂದೆ ಬಂದ. "ಕೆಲಸ ಇನ್ನೂ ಮುಗಿದಿಲ್ಲ. ಐದು ನಿಮಿಷ ಇಳೀರಿ, ಆ ನಾಲ್ಕು ಬೆರಳು ಕತ್ತರಿಸಿಬಿಡ್ತೀವಿ."

"ಬೇಡ," ಎಂದರು ಮೇಷ್ಟ್ರು.

ಮೈದಾನದಲ್ಲಿದ್ದವರೆಲ್ಲ ಬೆಚ್ಚಿದರು. ಒಬ್ಬಾಕೆಯ ಕೈಯಿಂದ ಕೊಡೆ ಬಿತ್ತು. ಸಾಸ್ತ್ರೊ ಮೇಷ್ಟ್ರ ಬಾಯಿಂದ ಆ ಮಾತನ್ನು ಕೇಳಿದವರು ಅಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರಿಗೇ ಆ ರುಚಿ ಹಿಡಿಸಿದಂತಿತ್ತು. "ಬೇಡಪ್ಪ ಬೇಡ," ಎಂದು ಇನ್ನೊಮ್ಮೆ ಹೇಳಿದರು. ಆಮೇಲೆ, "ಈ ಎತ್ತರ ಯಾರು ನೋಡಿ ಇಟ್ಟಿದ್ದು?" ಎಂದು ಕೇಳಿದರು.

ಪೊನಿಮಿನ್ ಬಾಗಿದ. ನಾಲ್ಕು ಬೆರಳು ಮಡಿಸಿ ಹೆಬ್ಬೆರಳನ್ನು ಚಾಚಿದ. ಈ ಸಲ ಅದು ಎಲ್ಲಿಗೂ ಅಲುಗದೆ ನೆಟ್ಟಗೆ ಮುಜಿಯೊ ಎದೆಯ ಕಡೆಗೇ ಇತ್ತು.

ಮೇಷ್ಟ್ರು ದಾರಿಗೆ ಅಡ್ಡ ನಿಂತಿದ್ದ ದಾರ್ಸೊ ಕಡೆ ತಿರುಗಿ ಮೃದುವಾಗಿ ಕೇಳಿದರು. "ಪಾಕ್ ದಾರ್ಸೊ, ಈ ಸೈಕಲ್ಲು ಮುಂದೆ ಹೋಗಬಹುದು ಅಲ್ವಾ?"

ದಾರ್ಸೊ ಬಾಯಿ ತೆರೆದರು. ಲುಂಗಿಯಲ್ಲಿ ಸುತ್ತಿಟ್ಟ ಅಜ್ಜ ನೆನಪಾದ. ಆದರೆ ಎದುರಿಗಿದ್ದವರು ಹಿರಿಯರು, ಅದರ ಮೇಲೆ ಅವರಿಗೇ ಅಕ್ಷರ ಕಲಿಸಿದ ಮೇಷ್ಟ್ರು.

"ಆಯ್ತು ಮೇಷ್ಟ್ರೇ," ಎಂದು ಪಕ್ಕಕ್ಕೆ ಸರಿದರು.

ಮೇಷ್ಟ್ರು ಹಿಂದಕ್ಕೆ ತಿರುಗದೆ ಕ್ಯಾರಿಯರ್ ಅನ್ನು ಅಂಗೈಯಿಂದ ತಟ್ಟಿದರು. "ಹತ್ತು ಮಗೂ."

ಮುಜಿಯೊಗೆ ಕೇಳಿದ್ದು ನಿಜವೋ ಸುಳ್ಳೋ ತಿಳಿಯಲಿಲ್ಲ. ಲಾಸ್ಮಿನಿ ಹೆಗಲ ವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದಳು, ಅವಳ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಅವಳ ಅಮ್ಮ ಕೂತ ಜಾಗ ಅದು. ಮುಜಿಯೊ ಹತ್ತಿ ಹೆಂಗಸರಂತೆ ಒಂದೇ ಕಡೆ ಕಾಲು ಹಾಕಿ ಕೂತು, ಮಾವನ ಪಟ್ಟೆ ಅಂಗಿಯ ತುದಿಯನ್ನು ಹಿಡಿದುಕೊಂಡ. ಗಂಟೆಗಳು ಬಾರಿಸಿದವು, ಮೆರವಣಿಗೆ ಹೊರಟಿತು. ವಿಬೊವೊ ಕೈಯಲ್ಲಿ ಬ್ಲೇಡು ಹಿಡಿದು ಕಾರಿನ ಪಕ್ಕದಲ್ಲೇ ನಿಂತಿದ್ದ.

ಮಸೀದಿ ದಾಟಿತು, ಸಂತೆಪೇಟೆ ದಾಟಿತು. ಹಪ್ಪಳದ ಕಾರ್ಖಾನೆ ಕಾಣಿಸಿತು. ಅದರ ಮುಂದೆ ಆ ಮಲಗಿದ ಪೊಲೀಸ್. ಮೇಷ್ಟ್ರು ಪೆಡಲು ನಿಧಾನ ಮಾಡಲಿಲ್ಲ.

"ಮಗೂ ಮುಜಿಯೊ, ಈ ಥ್ರೆಡ್ ಇಲ್ಲದ ಫೋರ್ಕು ಇದನ್ನ ತಡೆಯುತ್ತಾ? ನೀನು ತಜ್ಞ, ಹೇಳು."

ಹಿಂದೆ ಇಡೀ ಊರು ಬರುತ್ತಿತ್ತು. ಕಾರ್ಖಾನೆಯ ಜೊತೆಯವರು ಗೇಟಿನಲ್ಲಿ ಕಿವಿ ನಿಮಿರಿಸಿ ನಿಂತಿದ್ದರು. ಮುಜಿಯೊ ಮಾವನ ಅಂಗಿಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದ.

"ಗೊತ್ತಿಲ್ಲ ಬಾಪಾಕ್!" ಎಂದು ಜೋರಾಗಿ ಕೂಗಿದ.

ಮೇಷ್ಟ್ರು ಬಾಯಿತುಂಬ ನಕ್ಕರು. "ನನಗೂ ಗೊತ್ತಿಲ್ಲ. ಹಿಡ್ಕೋ!" ಎಂದು ಜೋರಾಗಿ ಪೆಡಲು ತುಳಿದರು.